ಮಧುಮೇಹವಿರುವ ಮಗುವೂ ನಮ್ಮ ಶಾಲೆಯೂ

(ಶತಮಾನೋತ್ಸವ ವರ್ಷದ ಮಕ್ಕಳ ದಿನಾಚರಣೆಯಂದು ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ನವೆಂಬರ್ 14 ಮಕ್ಕಳ ದಿನವೆಂಬುದು ಇಲ್ಲಿ ಕುಳಿತಿರುವ ಒಂದನೇ ತರಗತಿಯ ಮಗುವಿಗೂ ಗೊತ್ತು. ಅದೇ ದಿನ ವಿಶ್ವ ಮಧುಮೇಹ ದಿನವೂ ಹೌದೆಂಬುದು ಹಿರಿಯರಾದ ನಮ್ಮಲ್ಲೇ ಹಲವರಿಗೆ ತಿಳಿದಿರಲಾರದು. ಒಂದು ಪಂಡಿತ ನೆಹರೂ ಅವರ ಜನ್ಮದಿನ. ಇನ್ನೊಂದು 1891ರಲ್ಲಿ ಕೆನಡಾ ದೇಶದಲ್ಲಿ ಜನಿಸಿದ ಫ್ರೆಡರಿಕ್ ಬ್ಯಾಂಟಿಂಗ್ ಎಂಬ ವೈದ್ಯರ ಜನ್ಮದಿನ. ಇವೆರಡೂ ಒಂದೇ ದಿನ ಬಂದದ್ದು ಆಕಸ್ಮಿಕವಿರಬಹುದು. ಆದರೆ ನಮ್ಮ ಶಾಲೆಯ ಮಟ್ಟಿಗೆ ಇವು ಒಂದೇ ಬೆಂಚಿನಲ್ಲಿ ಕುಳಿತಿವೆ. ನಮ್ಮ ಒಂಬತ್ತನೇ ತರಗತಿಯ ಒಬ್ಬ ಬಾಲಕಿಗೆ ಎರಡು ವರ್ಷಗಳಿಂದ ಮಧುಮೇಹವಿದೆ. ಆಕೆಯ ಮತ್ತು ಆಕೆಯ ತಂದೆತಾಯಿಯರ ಒಪ್ಪಿಗೆ ಪಡೆದೇ ನಾವು ಈ ಮಾತುಗಳನ್ನು ಆಡುತ್ತಿದ್ದೇವೆ. ಅಚ್ಚಿನಲ್ಲಿ ಹೆಸರು ಬೇಡವೆಂದು ಆಕೆ ಕೇಳಿಕೊಂಡಿದ್ದಾಳೆ. ಅದನ್ನು ನಾವು ಗೌರವಿಸುತ್ತೇವೆ.

ಶತಮಾನೋತ್ಸವದ ವೇದಿಕೆಯಲ್ಲಿ ಕಾಯಿಲೆಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಶಾಲೆಯ ವಯಸ್ಸಿಗೂ ಇನ್ಸುಲಿನ್ ಎಂಬ ಔಷಧದ ವಯಸ್ಸಿಗೂ ಇರುವ ಅಂತರ ಕೆಲವೇ ವರ್ಷಗಳದು. 1921ರಲ್ಲಿ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಅವರ ಯುವ ಸಹಾಯಕ ಚಾರ್ಲ್ಸ್ ಬೆಸ್ಟ್ ಅದನ್ನು ಬೇರ್ಪಡಿಸಿದರು. 1922ರ ಜನವರಿ 11ರಂದು ಅದರ ಮೊದಲ ಚುಚ್ಚುಮದ್ದನ್ನು ಪಡೆದವನು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗ. ಮೊದಲ ಪ್ರಯತ್ನ ಸಮಾಧಾನಕರವಾಗಲಿಲ್ಲ. ಜೇಮ್ಸ್ ಕಾಲಿಪ್ ಅವರು ಔಷಧವನ್ನು ಇನ್ನಷ್ಟು ಶುದ್ಧಗೊಳಿಸಿದ ಬಳಿಕ, ಅದೇ ತಿಂಗಳ 23ರಿಂದ ಮತ್ತೆ ಕೊಡಲಾಗಿ ಹುಡುಗ ಚೇತರಿಸಿಕೊಂಡ. ಅದೇ ವರ್ಷ ಎಲಿಜಬೆತ್ ಹ್ಯೂಸ್ ಎಂಬ ಬಾಲಕಿ ಬ್ಯಾಂಟಿಂಗರ ಬಳಿಗೆ ಬಂದಾಗ ಅರೆಹೊಟ್ಟೆಯ ಪಥ್ಯದಿಂದ ಎಲುಬುಗೂಡಾಗಿದ್ದಳು. ಅಲ್ಲಿಯವರೆಗೆ ವೈದ್ಯರ ಬಳಿ ಇದ್ದ ಉಪಾಯ ಅದೊಂದೇ: ಆಹಾರವನ್ನು ಕಡಿಮೆ ಮಾಡುತ್ತ ಮಗುವಿನ ಸಾವನ್ನು ಮುಂದೂಡುವುದು. ಆ ಬಾಲಕಿ ಬದುಕಿ, ಓದಿ, ಮದುವೆಯಾಗಿ, ಮಕ್ಕಳ ತಾಯಿಯಾಗಿ 1981ರವರೆಗೆ ಬಾಳಿದಳು. ಸಂಶೋಧಕರು ತಮ್ಮ ಹಕ್ಕನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬರೆದುಕೊಟ್ಟರು.

ಆದುದರಿಂದ ನಮ್ಮ ಶಾಲೆಯ ಮೊದಲ ತಲೆಮಾರಿನ ವಿದ್ಯಾರ್ಥಿಗಳಲ್ಲಿ ಈ ಕಾಯಿಲೆ ಬಂದ ಮಗು ಯಾರಾದರೂ ಇದ್ದಿದ್ದರೆ, ಆ ಮಗು ಹಾಜರಿ ಪುಸ್ತಕದಿಂದ ಸದ್ದಿಲ್ಲದೆ ಮರೆಯಾಗಿರುತ್ತಿತ್ತು. ಇಂದು ಹಾಗಾಗಬೇಕಿಲ್ಲ. ಔಷಧ ಬಂದು ನೂರು ವರ್ಷ ಕಳೆದ ಮೇಲೂ ಮಗುವಿನ ಹೆಸರು ಹಾಜರಿಯಿಂದ ಅಳಿಸಿಹೋದರೆ ಅದಕ್ಕೆ ಕಾರಣ ಕಾಯಿಲೆಯಲ್ಲ, ನಮ್ಮ ಅರಿವಿನ ಕೊರತೆ.

ಮೊದಲು ಒಂದು ತಪ್ಪು ಕಲ್ಪನೆಯನ್ನು ದೂರಮಾಡೋಣ. ಮನೆಯಲ್ಲಿ ಅಜ್ಜ ಅಜ್ಜಿಯರಿಗೆ ಇರುವ ಸಕ್ಕರೆ ಕಾಯಿಲೆಯೇ ಬೇರೆ, ಮಕ್ಕಳಿಗೆ ಸಾಮಾನ್ಯವಾಗಿ ಬರುವ ಮೊದಲನೆಯ ವಿಧದ ಮಧುಮೇಹವೇ ಬೇರೆ. ಇಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡುತ್ತದೆ. ಮಗು ಬೆಲ್ಲ ತಿಂದದ್ದರಿಂದಲೋ ತಾಯಿ ಬಸುರಿಯಾಗಿದ್ದಾಗ ಸಿಹಿ ತಿಂದದ್ದರಿಂದಲೋ ಬರುವುದಲ್ಲ. ಇದು ಅಂಟುಜಾಡ್ಯವೂ ಅಲ್ಲ, ಶಾಪವೂ ಅಲ್ಲ. ಇನ್ಸುಲಿನ್ ಇಲ್ಲದಿದ್ದರೆ ತಿಂದ ಅನ್ನದ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಜೀವಕೋಶ ಮಾತ್ರ ಹಸಿದಿರುತ್ತದೆ. ಆದ್ದರಿಂದ ಈ ಮಕ್ಕಳಿಗೆ ಇನ್ಸುಲಿನ್ ಎಂಬುದು ಔಷಧಕ್ಕಿಂತ ಹೆಚ್ಚಾಗಿ ಅನ್ನ ನೀರಿನಷ್ಟೇ ಅಗತ್ಯವಾದ ವಸ್ತು.

ನಮ್ಮ ಬಾಲಕಿಯ ಒಂದು ದಿನ ಹೇಗಿರುತ್ತದೆಂದು ಹೇಳುತ್ತೇವೆ. ಬೆಳಿಗ್ಗೆ ಎದ್ದೊಡನೆ ಬೆರಳ ತುದಿಯನ್ನು ಚುಚ್ಚಿ, ಒಂದು ಹನಿ ರಕ್ತದಿಂದ ಸಕ್ಕರೆಯ ಪ್ರಮಾಣವನ್ನು ಅಳೆಯುತ್ತಾಳೆ. ಅದನ್ನು ಪುಸ್ತಕದಲ್ಲಿ ಬರೆಯುತ್ತಾಳೆ. ತಿಂಡಿಗೆ ಅರ್ಧ ಗಂಟೆ ಮೊದಲು ಇನ್ಸುಲಿನ್. ಮಧ್ಯಾಹ್ನದ ಊಟಕ್ಕೆ ಮೊದಲು ಒಂದು, ರಾತ್ರಿ ಊಟಕ್ಕೆ ಮೊದಲು ಒಂದು, ಮಲಗುವಾಗ ನಿಧಾನವಾಗಿ ಕೆಲಸಮಾಡುವ ಬೇರೊಂದು. ದಿನಕ್ಕೆ ನಾಲ್ಕು ಚುಚ್ಚುಮದ್ದು, ವರ್ಷಕ್ಕೆ 1460. ಹಬ್ಬಕ್ಕೆ ರಜೆಯಿಲ್ಲ, ಜ್ವರ ಬಂದರೂ ರಜೆಯಿಲ್ಲ. ಮನೆಯಲ್ಲಿ ಫ್ರಿಜ್ ಇಲ್ಲ. ಆದ್ದರಿಂದ ಆಕೆಯ ತಾಯಿ ಒಂದು ದೊಡ್ಡ ಮಡಕೆಯಲ್ಲಿ ಒದ್ದೆ ಮರಳು ತುಂಬಿ, ಅದರೊಳಗೆ ಚಿಕ್ಕ ಮಡಕೆಯಿಟ್ಟು, ಬಳಸುತ್ತಿರುವ ಸೀಸೆಯನ್ನು ನೀರು ತಾಗದಂತೆ ಅದರಲ್ಲಿ ಕಾಪಾಡುತ್ತಾರೆ. ಉಳಿದ ಸೀಸೆಗಳು ನೆರೆಮನೆಯ ಫ್ರಿಜ್ಜಿನಲ್ಲಿವೆ. ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳ ಬಿಸಿಲನ್ನು ಬಲ್ಲವರಿಗೆ ಈ ಎಚ್ಚರಿಕೆಯ ಬೆಲೆ ತಿಳಿದೀತು.

ಊಟದ ವಿಷಯದಲ್ಲೂ ಒಂದು ಮಾತು. ‘ರಾಗಿ ಒಳ್ಳೆಯದು, ಎಷ್ಟು ಮುದ್ದೆ ತಿಂದರೂ ಸಕ್ಕರೆ ಏರುವುದಿಲ್ಲ’ ಎಂದು ಹಲವರು ಆ ತಾಯಿಗೆ ಹೇಳಿದ್ದರು. ರಾಗಿ ಒಳ್ಳೆಯದೆಂಬುದು ನಿಜ. ಅದರಲ್ಲಿ ಸುಣ್ಣದಂಶವಿದೆ, ನಾರಿನಂಶವಿದೆ. ಆದರೆ 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 70 ಗ್ರಾಂ ಶರ್ಕರಪಿಷ್ಟವೂ ಇದೆ. ಅಕ್ಕಿಗಿಂತ ಬಹಳ ಕಡಿಮೆಯೇನಲ್ಲ. ಮುದ್ದೆಯನ್ನು ಬಿಡಬೇಕಾಗಿಲ್ಲ; ದಿನವೂ ಒಂದೇ ಗಾತ್ರದ ಮುದ್ದೆಯಾಗಬೇಕು, ಅದಕ್ಕೆ ತಕ್ಕ ಇನ್ಸುಲಿನ್ ಆಗಬೇಕು. ಆ ತಾಯಿ ಈಗ ಹಿಟ್ಟನ್ನು ಒಂದೇ ಲೋಟದಲ್ಲಿ ಅಳೆದು ತೊಳಸುತ್ತಾರೆ.

ಇನ್ನು ಆಸ್ಪತ್ರೆಯ ಭೇಟಿ. ತಿಂಗಳಿಗೊಮ್ಮೆ ತಂದೆಯೊಂದಿಗೆ ಬೆಳಗಿನ ಬಸ್ಸಿನಲ್ಲಿ ಧರ್ಮಪುರಿಗೆ ಪಯಣ. ಅಲ್ಲಿ ಚೀಟಿಗಾಗಿ ಸಾಲು, ತೂಕ ಮತ್ತು ಎತ್ತರದ ಅಳತೆ, ಚುಚ್ಚಿದ ಜಾಗದಲ್ಲಿ ಗಂಟುಗಳಾಗಿವೆಯೇ ಎಂಬ ಪರೀಕ್ಷೆ, ಪುಸ್ತಕದ ಪರಿಶೀಲನೆ, ಕೊನೆಗೆ ಮುಂದಿನ ತಿಂಗಳ ಇನ್ಸುಲಿನ್. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಎಂಬ ಪರೀಕ್ಷೆ. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಅದಕ್ಕೆ ಅಂಟಿಕೊಂಡ ಸಕ್ಕರೆಯನ್ನು ಅಳೆದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ತಿಳಿಯುತ್ತದೆ. ವರ್ಷಕ್ಕೊಮ್ಮೆ ಕಣ್ಣು ಮತ್ತು ಮೂತ್ರಪಿಂಡದ ತಪಾಸಣೆ.

ಈ ಭೇಟಿಗಳಲ್ಲಿ ನಮ್ಮಂತಹ ಗಡಿನಾಡಿನವರಿಗೆ ಇನ್ನೊಂದು ತೊಡಕುಂಟು. ವೈದ್ಯರು ತಮಿಳಿನಲ್ಲಿ ವಿವರಿಸುತ್ತಾರೆ, ಇಂಗ್ಲಿಷಿನಲ್ಲಿ ಬರೆಯುತ್ತಾರೆ. ತಾಯಿಗೆ ಓದಲು ಬರುವುದು ಕನ್ನಡ ಮಾತ್ರ. ಮಾತು ಅರ್ಥವಾದರೂ ಮನೆಗೆ ಬಂದ ಮೇಲೆ ಹಾಳೆ ಅರ್ಥವಾಗುವುದಿಲ್ಲ. ಅದರಲ್ಲೂ ಸಿರಿಂಜಿನ ವಿಷಯದಲ್ಲಿ ತಪ್ಪಾಗಕೂಡದು. ನಮ್ಮಲ್ಲಿ 40 ಅಂಶದ ಇನ್ಸುಲಿನ್ ಇದೆ, 100 ಅಂಶದ್ದೂ ಇದೆ. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಸಿರಿಂಜು, ಎರಡನೆಯದಕ್ಕೆ ಕಿತ್ತಳೆ ಮುಚ್ಚಳದ್ದು. 100 ಅಂಶದ ಔಷಧವನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೆಚ್ಚು ದೇಹ ಸೇರುತ್ತದೆ. ಇಂತಹ ಎಚ್ಚರಿಕೆಗಳನ್ನೆಲ್ಲ ನಮ್ಮ ವಿಜ್ಞಾನ ಶಿಕ್ಷಕರು ವೈದ್ಯರನ್ನು ಕೇಳಿ ತಿಳಿದು, ದಪ್ಪ ಅಕ್ಷರಗಳ ಕನ್ನಡದಲ್ಲಿ ಒಂದು ಹಾಳೆಯಾಗಿ ಬರೆದುಕೊಟ್ಟಿದ್ದಾರೆ. ಅದು ಆ ಮನೆಯ ಅಡುಗೆಕೋಣೆಯ ಗೋಡೆಯ ಮೇಲಿದೆ. ಮಾತೃಭಾಷೆಯ ಶಿಕ್ಷಣದ ಪ್ರಯೋಜನವೇನೆಂದು ಕೇಳುವವರಿಗೆ ನಾವು ಆ ಹಾಳೆಯನ್ನು ತೋರಿಸಬಲ್ಲೆವು.

ಪೋಷಕ ಬಂಧುಗಳೇ, ಈಗ ಸ್ವಲ್ಪ ಕಠಿಣವಾದ ಮಾತಿಗೆ ಬರುತ್ತೇವೆ. ಮೊದಲ ಒಂದು ವರ್ಷ ಈ ಕುಟುಂಬ ಕಾಯಿಲೆಯನ್ನು ಶಾಲೆಗೂ ತಿಳಿಸಿರಲಿಲ್ಲ. ‘ಹೆಣ್ಣುಮಗು, ನಾಳೆ ಸಂಬಂಧ ಕೂಡಿಬರಬೇಕಲ್ಲ’ ಎಂಬುದು ಅವರ ಭಯ. ಮಗು ಶೌಚಾಲಯದಲ್ಲಿ ನಿಂತು ಚುಚ್ಚಿಕೊಳ್ಳುತ್ತಿತ್ತು. ಒಂದು ಸಂಜೆ ಖೋ ಖೋ ಅಭ್ಯಾಸದ ವೇಳೆ ಆಕೆ ಬೆವರಿ, ನಡುಗಿ, ಅಸಂಬದ್ಧವಾಗಿ ಮಾತಾಡುತ್ತ ಕುಸಿದು ಕುಳಿತಳು. ಬಿಸಿಲಿನ ಬಳಲಿಕೆಯೆಂದು ಎಲ್ಲರೂ ನೆರಳಿಗೆ ಕರೆದೊಯ್ಯಲು ಹೊರಟಾಗ, ಗುಟ್ಟು ತಿಳಿದಿದ್ದ ಒಬ್ಬಳೇ ಗೆಳತಿ ಓಡಿಹೋಗಿ ಚೀಲದಲ್ಲಿದ್ದ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿದಳು. ಹದಿಮೂರು ವರ್ಷದ ಆ ಹುಡುಗಿ ಅಂದು ಶಾಲೆಗೆ ಬಾರದೇ ಇದ್ದಿದ್ದರೆ ಏನಾಗುತ್ತಿತ್ತೆಂದು ಯೋಚಿಸಲು ನಮಗೆ ಇಂದಿಗೂ ಅಂಜಿಕೆಯಾಗುತ್ತದೆ.

ಮರುದಿನ ತಂದೆ ಬಂದು ವರ್ಗಾವಣೆ ಪತ್ರವನ್ನಲ್ಲ, ಹೆಸರು ತೆಗೆದುಹಾಕುವುದನ್ನೇ ಕೇಳಿದರು. ‘ಮನೇಲಿದ್ರೆ ಕಣ್ಣೆದುರಿಗಾದ್ರೂ ಇರ್ತಾಳೆ, ಟೀಚರಮ್ಮಾ’ ಎಂದರು. ಅವರ ಮಾತಿನಲ್ಲಿ ಕಠೋರತೆಯಿರಲಿಲ್ಲ, ಭಯವಿತ್ತು. ನಾವು ಅವರಿಗೆ ಹೇಳಿದ್ದು ಇಷ್ಟೇ: ಹಗಲಿನಲ್ಲಿ ನೀವಿಬ್ಬರೂ ಕೂಲಿಗೆ ಹೋದಾಗ ಮನೆಯಲ್ಲಿ ಆಕೆ ಒಂಟಿ, ಶಾಲೆಯಲ್ಲಿ ವಿಷಯ ತಿಳಿದವರಿದ್ದರೆ ಆಕೆ ಒಂಟಿಯಲ್ಲ. ಅಪಾಯ ತಂದದ್ದು ಶಾಲೆಯಲ್ಲ, ಗುಟ್ಟು. ಅವರು ಒಂದು ತಿಂಗಳ ಮಟ್ಟಿಗೆ ನೋಡೋಣವೆಂದರು. ಆ ತಿಂಗಳು ಈಗ ಒಂದು ವರ್ಷವಾಗಿದೆ.

ಅಂದಿನಿಂದ ಶಾಲೆಯಲ್ಲಿ ಕೆಲವು ಏರ್ಪಾಡುಗಳಾಗಿವೆ. ಸಿಬ್ಬಂದಿ ಕೊಠಡಿಯ ಮೂಲೆಯಲ್ಲಿ ಪರದೆ ಕಟ್ಟಿದ ಸ್ವಚ್ಛ ಸ್ಥಳವೊಂದಿದೆ. ಊಟದ ಗಂಟೆಗೆ ಅರ್ಧ ಗಂಟೆ ಮೊದಲು ಆಕೆ ಅಪ್ಪಣೆ ಕೇಳದೆ ಎದ್ದುಹೋಗಬಹುದು. ಊಟದ ಗಂಟೆ ತಡವಾಗಕೂಡದು. ಚುಚ್ಚಿಕೊಂಡ ಮೇಲೆ ಊಟ ತಡವಾದರೆ ಸಕ್ಕರೆ ಕುಸಿಯುತ್ತದೆ. ಆಟಕ್ಕೆ ಮೊದಲು ಆಕೆ ಅಳತೆ ನೋಡಿ, ಅಗತ್ಯವಿದ್ದರೆ ಏನಾದರೂ ತಿನ್ನುತ್ತಾಳೆ. ಖೋ ಖೋ ತಂಡದಲ್ಲಿ ಈಗಲೂ ಇದ್ದಾಳೆ. ಪ್ರತಿ ತರಗತಿಯ ಮೇಜಿನಲ್ಲೂ ಸಕ್ಕರೆಯ ಪೊಟ್ಟಣವಿದೆ. ಅಳತೆ 70ಕ್ಕಿಂತ ಕೆಳಗಿಳಿದರೆ ಮೂರು ಚಮಚ ಸಕ್ಕರೆ, 15 ನಿಮಿಷ ಕಾದು ಮತ್ತೆ ಅಳತೆ. ಪ್ರಜ್ಞೆಯಿಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ, ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ. ಇದನ್ನು ಶಿಕ್ಷಕರಷ್ಟೇ ಅಲ್ಲ, ಅಡುಗೆಯ ಅಮ್ಮಂದಿರೂ ಕಂಠಪಾಠ ಮಾಡಿದ್ದಾರೆ. ಆಸ್ಪತ್ರೆಗೆ ಹೋದ ದಿನದ ಪಾಠವನ್ನು ಮರುದಿನ ಸಹಪಾಠಿಗಳೇ ಓದಿ ಬರೆಸುತ್ತಾರೆ. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು 2017ರಲ್ಲೇ ಮಧುಮೇಹವಿರುವ ವಿದ್ಯಾರ್ಥಿಗಳಿಗೆ ಪರೀಕ್ಷಾ ಕೊಠಡಿಯೊಳಗೆ ಸಕ್ಕರೆ ಮಾತ್ರೆ, ಹಣ್ಣು, ತಿನಿಸು, ನೀರು ಒಯ್ಯಲು ಅನುಮತಿ ನೀಡಿದೆ. ಅದನ್ನೇ ಮಾದರಿಯಾಗಿಟ್ಟುಕೊಂಡು ಮುಂದಿನ ವರ್ಷದ ಹತ್ತನೇ ತರಗತಿಯ ಪರೀಕ್ಷೆಗಾಗಿ ವೈದ್ಯರ ಪತ್ರದೊಂದಿಗೆ ಮನವಿಯನ್ನು ಸಿದ್ಧಪಡಿಸುತ್ತಿದ್ದೇವೆ.

ಶಿಕ್ಷಕರೂ ಪೋಷಕರೂ ಕೂಡಿ ಚಿಂತಿಸಬೇಕಾದ ಇನ್ನೊಂದು ಸೂಕ್ಷ್ಮವಿದೆ. ಹದಿಹರೆಯದಲ್ಲಿ ಬೆಳವಣಿಗೆಯ ಹಾರ್ಮೋನುಗಳಿಂದಾಗಿ ಇನ್ಸುಲಿನ್ನಿನ ಅಗತ್ಯ ಹೆಚ್ಚುತ್ತದೆ. ಮಗು ಎಲ್ಲವನ್ನೂ ಸರಿಯಾಗಿ ಮಾಡಿದರೂ ಅಳತೆ ಏರಬಹುದು. ಆಗ ‘ಏನು ಕದ್ದು ತಿಂದೆ?’ ಎಂದು ಗದರಿದರೆ ಮಗು ಮುಂದಿನ ಬಾರಿ ಪುಸ್ತಕದಲ್ಲಿ ಸುಳ್ಳು ಅಂಕಿಯನ್ನು ಬರೆಯುತ್ತದೆ. ನಮ್ಮ ಬಾಲಕಿಯೂ ಕೆಲವು ವಾರ ಹಾಗೆ ಬರೆದಿದ್ದಳು. ಪುಸ್ತಕದಲ್ಲಿ ಎಲ್ಲವೂ ಚೆನ್ನಾಗಿತ್ತು. ಮೂರು ತಿಂಗಳ ಪರೀಕ್ಷೆ ಬೇರೆಯೇ ಕಥೆ ಹೇಳಿತು. ರಕ್ತದ ಸಕ್ಕರೆಯ ಅಂಕಿ ಪರೀಕ್ಷೆಯ ಅಂಕವಲ್ಲ. ಅದರಲ್ಲಿ ತೇರ್ಗಡೆಯೂ ಇಲ್ಲ, ಅನುತ್ತೀರ್ಣವೂ ಇಲ್ಲ. ಮುಂದೇನು ಮಾಡಬೇಕೆಂದು ತಿಳಿಸುವ ಅಳತೆ ಮಾತ್ರ. ‘ಎಷ್ಟಿತ್ತು?’ ಎಂದು ಕೇಳುವಾಗ ನಮ್ಮ ದನಿ ‘ಮಳೆ ಎಷ್ಟಾಯಿತು?’ ಎಂದು ಕೇಳುವಂತಿರಲಿ.

ಎಲ್ಲ ಪೋಷಕರಲ್ಲೂ ನಮ್ಮ ವಿನಂತಿಯಿದು. ಮಗು ಅತಿಯಾಗಿ ನೀರು ಕುಡಿಯುತ್ತಿದ್ದರೆ, ಪದೇಪದೇ ಮೂತ್ರಕ್ಕೆ ಹೋಗುತ್ತಿದ್ದರೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿದರೆ, ಊಟ ಮಾಡಿಯೂ ಸೊರಗುತ್ತಿದ್ದರೆ ಅಂದೇ ರಕ್ತ ಪರೀಕ್ಷೆ ಮಾಡಿಸಿ. ವಾಂತಿ, ಹೊಟ್ಟೆನೋವು, ಆಳವಾದ ಏದುಸಿರು ಕಂಡರೆ ಗಂಟೆಗಳೂ ಅಮೂಲ್ಯ. ಬೇರು ಸೊಪ್ಪುಗಳ ಭರವಸೆ ನಂಬಿ ಇನ್ಸುಲಿನ್ ನಿಲ್ಲಿಸಬೇಡಿ. ಜ್ವರ ಬಂದು ಊಟ ಸೇರದಿದ್ದಾಗಲೂ ನಿಮ್ಮಷ್ಟಕ್ಕೆ ನಿಲ್ಲಿಸದೆ ವೈದ್ಯರನ್ನು ಕೇಳಿ. ಸಹಪಾಠಿಗಳ ಪೋಷಕರೇ, ಆ ಮಗುವಿನೊಡನೆ ನಿಮ್ಮ ಮಕ್ಕಳು ಕೂಡಿ ಉಣ್ಣಲಿ, ಆಡಲಿ.

ಹಳೆಯ ವಿದ್ಯಾರ್ಥಿಗಳಲ್ಲಿ ಮತ್ತೊಂದು ಬೇಡಿಕೆ. ಹತ್ತನೇ ತರಗತಿಯ ಬಳಿಕ ಓದು ಸಾಕೆಂದು ಆ ಮನೆಯ ಬಂಧುಗಳು ಈಗಾಗಲೇ ಹೇಳುತ್ತಿದ್ದಾರೆ. ಮುಂದಿನ ಓದಿಗೆ ಪಟ್ಟಣದ ವಿದ್ಯಾರ್ಥಿನಿಲಯವೇ ಗತಿ. ಅಲ್ಲಿ ಹೊತ್ತಿಗೆ ಸರಿಯಾಗಿ ಊಟ ಸಿಕ್ಕೀತೇ, ಔಷಧ ಇಡಲು ತಂಪಾದ ಜಾಗವಿದ್ದೀತೇ, ನಡುರಾತ್ರಿ ಎಬ್ಬಿಸಿದರೆ ಏಳುವ ಒಬ್ಬರಿದ್ದಾರೇ ಎಂಬ ತಂದೆಯ ಪ್ರಶ್ನೆಗಳಿಗೆ ನಮ್ಮಲ್ಲಿ ಇನ್ನೂ ಉತ್ತರವಿಲ್ಲ. ಸೇಲಂ, ಧರ್ಮಪುರಿ, ಬೆಂಗಳೂರುಗಳಲ್ಲಿ ನೆಲೆಸಿರುವ ನಿಮ್ಮಲ್ಲಿ ಯಾರಿಗಾದರೂ ಅಂತಹ ಸ್ಥಳ ತಿಳಿದಿದ್ದರೆ, ಅಥವಾ ಅಂತಹ ಸ್ಥಳವನ್ನು ಮಾಡಿಕೊಡುವ ಶಕ್ತಿಯಿದ್ದರೆ, ದಯವಿಟ್ಟು ಕಚೇರಿಗೆ ಬಂದು ಮಾತಾಡಿ. ನಮಗೆ ಉಳಿದಿರುವುದು ಒಂದೂವರೆ ವರ್ಷ.

ಆಕೆಗೆ ನರ್ಸ್ ಆಗಬೇಕೆಂಬ ಆಸೆಯಿದೆ. ಸೂಜಿಗೆ ಹೆದರುವ ಮಕ್ಕಳಿಗೆ ಹೇಗೆ ಚುಚ್ಚಬೇಕೆಂದು ತನಗೆ ಗೊತ್ತು ಎನ್ನುತ್ತಾಳೆ. ಆ ಅರ್ಹತೆಯನ್ನು ನಾವು ಯಾರೂ ಪ್ರಶ್ನಿಸಲಾರೆವು.

ಊಟದ ಗಂಟೆಗೆ ಇನ್ನು ಐದು ನಿಮಿಷವಿದೆ. ಅದನ್ನು ತಡಮಾಡಕೂಡದೆಂಬ ನಿಯಮ ನಮ್ಮ ಭಾಷಣಕ್ಕೂ ಅನ್ವಯಿಸುತ್ತದೆ.