ಘಾಟಿಯಲ್ಲಿ ನಿಂತ ಪದ್ಮಿನಿ: ಟ್ಯಾಂಕಿನ ಮುಚ್ಚಳ ತೆಗೆದು ನೋಡಿ

ಮುಂಬೈಯಿಂದ ನಾಸಿಕ್‌ಗೆ ಹೋಗೋರಿಗೆ ಕಸಾರಾ ಘಾಟ್ ಗೊತ್ತು. ಹತ್ತಿ ಮುಗಿಸಿದ್ರೆ ಇಗತಪುರಿ. ಕಳೆದ ಬೇಸಿಗೆಯಲ್ಲಿ ಅಪ್ಪನ ಪ್ರೀಮಿಯರ್ ಪದ್ಮಿನಿ ಆ ಏರಿನಲ್ಲೇ ಜರ್ಕ್ ಹೊಡೆದು ನಿಂತಿತು. ಹಿಂದೆ ಲಾರಿಗಳ ಸಾಲು. 20 ನಿಮಿಷ ಬಿಟ್ಟು ಸ್ಟಾರ್ಟ್ ಆಯ್ತು, ಮತ್ತೆ ನಿಂತಿತು. "ಸಾಕಪ್ಪಾ, ಮಾರಿಬಿಡೋಣ" ಅಂದ್ರು ಅಪ್ಪ.

ಎಲ್ಲರೂ ಹೇಳೋದು ವೇಪರ್ ಲಾಕ್. ಪದ್ಮಿನಿಯ ಪೆಟ್ರೋಲ್ ಪಂಪ್ ಎಂಜಿನ್‌ಗೇ ಅಂಟಿಕೊಂಡಿರುತ್ತೆ. ಬಿಸಿಗೆ ಪೆಟ್ರೋಲ್ ಆವಿಯಾದ್ರೆ ಪಂಪ್ ಎಳೆಯಲ್ಲ, ತಣ್ಣಗಾದ್ರೆ ಸರಿಹೋಗುತ್ತೆ. ಆದರೆ ಟ್ಯಾಂಕಿಗೆ ಗಾಳಿ ಹೋಗೋ ದಾರಿ ಕಟ್ಟಿಕೊಂಡ್ರೂ ಇದೇ ಲಕ್ಷಣ: ಒಳಗೆ ವ್ಯಾಕ್ಯೂಮ್ ಆಗಿ ಪೆಟ್ರೋಲ್ ಮುಂದೆ ಬರಲ್ಲ, ನಿಂತಾಗ ಗಾಳಿ ನುಸುಳಿ ಮತ್ತೆ ಓಡುತ್ತೆ. ಕಾದ್ರೆ ಎರಡೂ ವಾಸಿ. ಹಾಗಾಗಿ ಕಾಯೋದ್ರಿಂದ ಕಾರಣ ತಿಳಿಯಲ್ಲ.

ಸಾಫ್ಟ್‌ವೇರ್‌ನಲ್ಲಿ ಬಗ್ ಹುಡುಕೋದೂ ಹೀಗೇ: ಎರಡು ಅನುಮಾನಗಳನ್ನ ಬೇರ್ಪಡಿಸೋ ಒಂದು ಪರೀಕ್ಷೆ ಬೇಕು. ಮೂರನೇ ಸಲ ನಿಂತಾಗ ಕಾಯಲಿಲ್ಲ. ಇಗ್ನಿಷನ್ ಆಫ್ ಮಾಡಿ, ಎಂಜಿನ್ ಬಿಸಿ ಇರುವಾಗಲೇ ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಉಸ್ ಅಂತ ಗಾಳಿ ಎಳ್ಕೊಂಡಿತು. ಮುಚ್ಚಳ ಹಾಕಿ ಕೀ ತಿರುಗಿಸಿದ್ರೆ ಗಾಡಿ ಸ್ಟಾರ್ಟ್!

ಇಗತಪುರಿಯಲ್ಲಿ ಮುಚ್ಚಳದ ತೂತಿನ ಧೂಳು ತೆಗೆದ್ವಿ. ಹೊಸ ಕಾರ್ಬ್ಯುರೇಟರ್ ಬೇಕಾಗಲಿಲ್ಲ. ಅಪ್ಪ ಮಾರೋ ಮಾತು ಮತ್ತೆ ಎತ್ತಿಲ್ಲ.