ಪೀಪಾಯಿಯೊಳಗಿನ ಎಳೆ ವೈನು

ಬೆಳಬೆಳಗ್ಗೆ ವೈನಿನ ಮಾತೇ ಎಂದು ಹುಬ್ಬೇರಿಸಬೇಡಿ. ನಾನು ಹೇಳಹೊರಟಿರುವ ಜನ ಅದನ್ನು ಕುಡಿಯುವುದಿಲ್ಲ, ಬಾಯಿ ಮುಕ್ಕಳಿಸಿ ಉಗುಳುತ್ತಾರೆ.

ಸೀಮೆ ಫ್ರಾನ್ಸಿನ ಬರ್ಗಂಡಿ. 2016ರ ಏಪ್ರಿಲ್ 27ರ ಬೆಳಗು. ದ್ರಾಕ್ಷಿ ಬಳ್ಳಿ ಆಗಷ್ಟೇ ಚಿಗುರಿತ್ತು. ಒದ್ದೆ ಚಿಗುರಿನ ಮೇಲೆ ರಾತ್ರಿ ಹಿಮ ಕಟ್ಟಿತು. ಮೋಡವಿಲ್ಲದ ಆಕಾಶದಲ್ಲಿ ಸೂರ್ಯ ಮೇಲೆದ್ದವನೇ ಆ ಚಿಗುರನ್ನು ಸುಟ್ಟುಹಾಕಿದ. ತಣ್ಣನೆ ಗಾಳಿ ಕೆಳಕ್ಕೆ ಇಳಿಯುವುದರಿಂದ ಸಾಮಾನ್ಯವಾಗಿ ಪೆಟ್ಟು ಬೀಳುವುದು ತಗ್ಗಿನ ತೋಟಗಳಿಗೆ. ಆ ಸಲ ಲೆಕ್ಕ ತಲೆಕೆಳಗಾಯಿತು. ಇಳಿಜಾರಿನ ಲೋಕಪ್ರಸಿದ್ಧ ಮೋಂರಾಶೆ ತೋಟವೂ ಬೆಂದುಹೋಯಿತು. ಶಾಂಬೋಲ್ ಊರಿಗೆ ಭಾರಿ ಏಟು. ಬೇರೆ ಕೆಲವು ತೋಟಗಳಿಗೆ ಏನೂ ಆಗಲಿಲ್ಲ. ಸುಟ್ಟ ಬಳ್ಳಿ ಮತ್ತೆ ಚಿಗುರಿತು ನಿಜ, ಆದರೆ ಆ ಚಿಗುರಿನ ಗೊಂಚಲು ಮಾಗುವುದು ತಡ. ಒಂದೇ ಸಾಲಿನಲ್ಲಿ ಹಣ್ಣೂ ಉಂಟು, ಕಾಯಿಯೂ ಉಂಟು.

ಇಂಥ ಬೆಳೆಗೆ ಬೆಲೆ ಕಟ್ಟುವುದು ಹೇಗೆ? ಬರ್ಗಂಡಿಯ ಬೋನ್ ಪಟ್ಟಣದಲ್ಲಿ 15ನೇ ಶತಮಾನದ ಒಂದು ಧರ್ಮಾಸ್ಪತ್ರೆಯಿದೆ. ಅದಕ್ಕೆ ದಾನ ಬಂದ ತೋಟಗಳ ವೈನನ್ನು 1859ರಿಂದ ಹರಾಜು ಹಾಕುತ್ತಾರೆ. ಈಗ ಅದು ನಡೆಯುವುದು ನವೆಂಬರಿನ ಮೂರನೇ ಭಾನುವಾರ. ಸುಗ್ಗಿ ಮುಗಿದು ವಾರಗಳಷ್ಟೇ ಆಗಿರುತ್ತವೆ, ಸರಕು ಇನ್ನೂ ಪೀಪಾಯಿಯಲ್ಲೇ. ಕೊಳ್ಳುವವರು ರುಚಿ ನೋಡಿಯೇ ನಿರ್ಧರಿಸಬೇಕು.

ನೆಲಮಾಳಿಗೆಯಲ್ಲಿ ಪೀಪಾಯಿಯ ಬಿರಡೆ ತೆಗೆದು ಗಾಜಿನ ಉದ್ದ ನಳಿಕೆ ಇಳಿಬಿಡುತ್ತಾರೆ, ಮೇಲಿನ ತೂತನ್ನು ಹೆಬ್ಬೆರಳಿನಿಂದ ಒತ್ತಿ ಎತ್ತುತ್ತಾರೆ, ಲೋಟಕ್ಕೆ ಎರಡು ಗುಟುಕು ಬಿಡುತ್ತಾರೆ. ಎಳೆಯ ಕೆಂಪು ವೈನು ಬರೀ ಒಗರು, ಹುಳಿ. ಸೇಬಿನಲ್ಲಿರುವ ಹುಳಿ ಮೊಸರಿನ ಸೌಮ್ಯ ಹುಳಿಯಾಗಿ ಮಾರ್ಪಡುವ ಘಟ್ಟ ಒಂದಿದೆ; ಈ ಪೀಪಾಯಿ ಅದನ್ನು ದಾಟಿರಬಹುದು, ಪಕ್ಕದ್ದು ಇನ್ನೂ ದಾಟಿರಲಿಕ್ಕಿಲ್ಲ. ಉಪ್ಪಿಗೆ ಹಾಕಿದ ಮಾವಿನಮಿಡಿ ಮೂಸಿ ‘ಈ ಭರಣಿ ವರ್ಷ ಬಾಳುತ್ತೆ’ ಅನ್ನುವ ಮಲೆನಾಡಿನ ಅಜ್ಜಿಯ ಮೂಗು, ನಾಲಿಗೆ ಬೇಕು ಇದಕ್ಕೆ. ಇವತ್ತಿನ ರುಚಿಯನ್ನು ಪಕ್ಕಕ್ಕಿಟ್ಟು, ಒಗರಿನ ಹಿಂದೆ ಹಣ್ಣು ಇದೆಯೋ ಇಲ್ಲವೋ ಎಂದು ಹುಡುಕುವ ಕೆಲಸ ಅದು.

ಆದರೆ ಪೇಟೆಗೆ ಅಷ್ಟು ಪುರುಸೊತ್ತಿಲ್ಲ. ವರ್ಷ ಒಳ್ಳೆಯದೋ ಕೆಟ್ಟದ್ದೋ, ಒಂದೇ ಮಾತಲ್ಲಿ ಹೇಳಿ ಅನ್ನುತ್ತದೆ. ವರ್ಷಕ್ಕೊಂದು ಅಂಕ ಕೊಡುವ ಆ ಚಾಳಿ ನನಗೆ ಹಿಡಿಸದು. 2016ರ ಬೇಸಗೆಯ ಕೊನೆಯಲ್ಲಿ ಬಿಸಿಲು ಚೆನ್ನಾಗಿ ಬಿತ್ತು. ಉಳಿದ ಹಣ್ಣು ಹದವಾಗಿ ಮಾಗಿತು. ಎಷ್ಟೋ ನೆಲಮಾಳಿಗೆಗಳಲ್ಲಿ ಕೊರತೆಯಿದ್ದದ್ದು ಗುಣಕ್ಕಲ್ಲ, ಪೀಪಾಯಿಗಳ ಸಂಖ್ಯೆಗೆ.

ಮೋಂರಾಶೆಯಲ್ಲಂತೂ ಕೆಲವರಿಗೆ ಒಂದು ಪೀಪಾಯಿ ತುಂಬುವಷ್ಟೂ ಹಣ್ಣು ಸಿಗಲಿಲ್ಲ. ಅರೆ ತುಂಬಿದ ಪೀಪಾಯಿಯಲ್ಲಿ ಗಾಳಿ ಸೇರಿ ವೈನು ಕೆಡುತ್ತದೆ. ಹಾಗಾಗಿ ಏಳು ಮನೆತನಗಳು ತಂತಮ್ಮ ಹಣ್ಣನ್ನು ಒಟ್ಟು ಸುರಿದು, ಅವರಲ್ಲೊಬ್ಬರಾದ ಲಫ್ಲೇವ್ ಅವರಲ್ಲಿ ಒಂದೇ ವೈನು ಮಾಡಿಸಿದವು. ಬಂದದ್ದು ಎರಡು ಪೀಪಾಯಿ. ಬೇರೆ ವರ್ಷಗಳಲ್ಲಿ ಯಾರ ಮೋಂರಾಶೆ ಮೇಲು ಎಂದು ವಾದಿಸುವ ರಸಿಕರಿಗೆ ಆ ವರ್ಷ ಆ ಎರಡು ಪೀಪಾಯಿಗಳ ಮುಂದೆ ವಾದಕ್ಕೆ ಜಾಗವೇ ಇರಲಿಲ್ಲ.