ಹೆಸರು ಹೊತ್ತು ಕಡಲು ದಾಟಿದವರು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಊಟಕ್ಕೆ ಮುಂಚಿನ ಭಾಷಣವೆಂದರೆ ಸಭಿಕರಿಗೆ ಭಯ. ಆದ್ದರಿಂದ ಒಂದೇ ಒಂದು ಹೆಸರಿನ ಕಥೆ ಹೇಳಿ ಮುಗಿಸುತ್ತೇವೆ.

ನ್ಯೂಯಾರ್ಕ್ ರಾಜ್ಯದ ರಾಜಧಾನಿ ಆಲ್ಬನಿ ನಮಗೆಲ್ಲ ಗೊತ್ತು. 1664ರಲ್ಲಿ ಡಚ್ಚರಿಂದ ಆ ಊರನ್ನು ಪಡೆದ ಇಂಗ್ಲಿಷರು ತಮ್ಮ ದೊರೆಯ ಸೋದರ ಜೇಮ್ಸನ ಸ್ಕಾಟಿಷ್ ಬಿರುದನ್ನು ಅದಕ್ಕಿಟ್ಟರು. ಆ ಬಿರುದಿನ ಮೂಲ ‘ಆಲ್ಬಾ’. ಕೆಲ್ಟಿಕ್ ಗುಂಪಿನ ಗೇಲಿಕ್ ಭಾಷೆಯಲ್ಲಿ ಸ್ಕಾಟ್ಲೆಂಡಿಗೆ ಇಂದಿಗೂ ಅದೇ ಹೆಸರು. ಮೊದಲು ಇಡೀ ಬ್ರಿಟನ್ ದ್ವೀಪಕ್ಕಿದ್ದ ಈ ಹೆಸರು ಕ್ರಿ.ಶ. 900ರ ಸುಮಾರಿಗೆ ಉತ್ತರದ ರಾಜ್ಯಕ್ಕೆ ಸೀಮಿತವಾಯಿತು. ಡೋವರಿನ ಬಿಳಿ ಬಂಡೆಗಳಿಂದಾಗಿ, ಲ್ಯಾಟಿನ್ನಿನ ‘ಆಲ್ಬಸ್’, ಅಂದರೆ ಬಿಳಿ, ಎಂಬುದೇ ಇದರ ಅರ್ಥವೆಂದು ಹಿಂದಿನವರು ಹೇಳುತ್ತಿದ್ದರು. ಆದರೆ ಇದಕ್ಕೆ ನಂಟಿರುವ ವೆಲ್ಷ್ ಪದ ‘ಎಲ್ವಿದ್’ಗೆ ಲೋಕ ಎಂದರ್ಥ. ತಾವಿದ್ದ ನೆಲವೇ ಅವರಿಗೆ ಲೋಕ!

ಮಧ್ಯಯುಗದ ಲ್ಯಾಟಿನ್ ಗ್ರಂಥಗಳಲ್ಲಿ ಸ್ಕಾಟ್ಲೆಂಡಿಗೆ ‘ಅಲ್ಬೇನಿಯಾ’ ಎಂಬ ಹೆಸರೂ ಇದೆ. ಹಾಗಾದರೆ ಬಾಲ್ಕನ್ ಪ್ರದೇಶದ ಅಲ್ಬೇನಿಯಾ? 2ನೆಯ ಶತಮಾನದ ಟಾಲೆಮಿ ಅಲ್ಲಿನ ‘ಅಲ್ಬನೋಯ್’ ಜನರನ್ನು ಹೆಸರಿಸಿದ್ದಾನೆ. ಧ್ವನಿ ಹೊಂದಿತೆಂದು ಇಬ್ಬರನ್ನೂ ಬೀಗರನ್ನಾಗಿ ಮಾಡುವಂತಿಲ್ಲ. ಎರಡೂ ಹೆಸರುಗಳ ಬೇರು ಒಂದೇ ಎನ್ನಲು ಗಟ್ಟಿ ಪುರಾವೆಯಿಲ್ಲ.

ಸ್ವಾರಸ್ಯ ಬೇರೆಡೆಯಿದೆ. ಅಲ್ಬೇನಿಯದವರು ಇಂದು ತಮ್ಮನ್ನು ಕರೆದುಕೊಳ್ಳುವುದು ‘ಶ್ಕಿಪ್ತಾರ್’ ಎಂದು. ಅವರ ನುಡಿ ‘ಶ್ಕಿಪ್’. ನಾವು ‘ಅಚ್ಚ ಕನ್ನಡದಲ್ಲಿ ಹೇಳು’ ಎನ್ನುವಂತೆ, ಅವರಲ್ಲಿ ‘ಶ್ಕಿಪ್‌ನಲ್ಲಿ ಹೇಳು’ ಎಂದರೆ ಬಿಡಿಸಿ ಹೇಳು ಎಂದರ್ಥ. ಅವರ ಹಳೆಯ ಹೆಸರು ‘ಆರ್ಬೆರ್’ ಉಳಿದಿರುವುದು ಊರು ಬಿಟ್ಟವರಲ್ಲಿ! 1468ರಲ್ಲಿ ಅವರ ವೀರ ಸ್ಕಂದರ್‌ಬೆಗ್ ತೀರಿಕೊಂಡ ಮೇಲೆ ತುರ್ಕರ ಆಳ್ವಿಕೆಯಿಂದ ತಪ್ಪಿಸಿಕೊಂಡು ಅನೇಕರು ಕಡಲು ದಾಟಿ ಕಲಾಬ್ರಿಯಾ, ಸಿಸಿಲಿಗಳಲ್ಲಿ ನೆಲೆಸಿದರು. ಹೊಸ ಹೆಸರು ಹಬ್ಬುವ ಮೊದಲೇ ಹೊರಟ ಆ ಜನರ ವಂಶದವರು ಐದು ಶತಮಾನಗಳ ಬಳಿಕವೂ ‘ಆರ್ಬೆರೆಶ್’ ಆಗಿಯೇ ಇದ್ದಾರೆ.

ನಮ್ಮ ಕಥೆಯೂ ಇಂಥದೇ. ಊರು ಬಿಟ್ಟ ವರ್ಷದ ಕನ್ನಡವನ್ನೇ ನಾವು ಇಲ್ಲಿ ಆಡುತ್ತಿದ್ದೇವೆ. ರಜೆಗೆ ಹೋದ ನಮ್ಮ ಮಕ್ಕಳು ‘ಪಡಸಾಲೆ’ ಎಂದರೆ ಬೆಂಗಳೂರಿನ ನೆಂಟರ ಮಕ್ಕಳು ನಗುತ್ತಾರೆ, ಅವರಿಗದು ‘ಹಾಲ್’. ನಗಲಿ, ನಾಚಿಕೆ ಬೇಡ.

ಆದರೆ ಒಂದು ವ್ಯತ್ಯಾಸವಿದೆ. ಆರ್ಬೆರೆಶ್ ಜನ ಊರಿಗೆ ಊರೇ ಒಟ್ಟಾಗಿ ನೆಲೆಸಿದರು, ತಮ್ಮ ಪೂಜಾವಿಧಿಯನ್ನು ಉಳಿಸಿಕೊಂಡರು. 1999ರಲ್ಲಿ ಇಟಲಿಯ ಕಾನೂನು ಅವರ ನುಡಿಗೆ ರಕ್ಷಣೆಯನ್ನೂ ಕೊಟ್ಟಿತು. ಇಷ್ಟಿದ್ದೂ ಯುನೆಸ್ಕೋ ಅದನ್ನು ಅಪಾಯದಲ್ಲಿರುವ ಭಾಷೆಗಳ ಪಟ್ಟಿಗೆ ಸೇರಿಸಿದೆ. ಕಾನೂನು ಪಾಠ ಹೇಳಿಸಬಲ್ಲದು, ಜೋಗುಳ ಹಾಡಿಸಲಾರದು.

ನಾವಾದರೋ ಒಂದೊಂದು ಮನೆ ಒಂದೊಂದು ಊರಿನಲ್ಲಿ. ನಮಗೆ ಊರೆಂದರೆ ಈ ಸಂಘವೇ, ಊರ ಬೀದಿಯೆಂದರೆ ನಮ್ಮ ಮನೆಯ ಊಟದ ಮೇಜೇ. ಇನ್ನು ಸ್ವಲ್ಪ ಹೊತ್ತಿಗೆ ಊಟದ ಸಾಲಿನಲ್ಲಿ ಮಕ್ಕಳು ಇಂಗ್ಲಿಷಿನಲ್ಲಿ ಏನಾದರೂ ಕೇಳುತ್ತಾರೆ. ಗದರುವುದು ಬೇಡ; ಉತ್ತರವನ್ನು ಮಾತ್ರ ಕನ್ನಡದಲ್ಲಿ ಕೊಡೋಣ.